ಪುಟ್ಟ ವಿಮಾನಕ್ಕೆ ತೇಲುದೋಣಿಗಳ ಜೋಡಣೆ

ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮದಲ್ಲಿ ಜಲಾಶಯದ ದಡದ ಮೇಲೆ ಸ್ವಲ್ಪ ಹೊತ್ತು ಕುಳಿತವರು ಒಂದು ಸಂಗತಿಯನ್ನು ಗಮನಿಸಿರಬಹುದು. ದಡದಲ್ಲಿ ನಿಂತಿರುವ ಬೆಳ್ಳಕ್ಕಿಯು ರೆಕ್ಕೆ ಬಿಚ್ಚಿದೊಡನೆ ಗಾಳಿಗೇರುತ್ತದೆ. ನೀರಿನಲ್ಲಿ ಈಜುತ್ತಿರುವ ನೀರುಕಾಗೆಗೆ ಅದು ಅಷ್ಟು ಸುಲಭವಲ್ಲ. ರೆಕ್ಕೆ ಬಡಿಯುತ್ತ, ಕಾಲುಗಳಿಂದ ನೀರನ್ನು ಒದೆಯುತ್ತ, ಹಲವು ಮಾರು ದೂರ ನೀರಿನ ಮೇಲೆಯೇ ಓಡಿ, ಆ ಬಳಿಕ ಅದು ಮೇಲೇಳುವುದು. ನೀರು ತನ್ನ ಮೇಲೆ ತೇಲುವುದನ್ನು ಹೊರುತ್ತದೆ. ಆದರೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಜಲವಿಮಾನವನ್ನು ರಚಿಸುವವನ ಕಷ್ಟವೂ ಇದೇ ಆಗಿದೆ. ವಿಮಾನದ ಗಾಲಿಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಎರಡು ಫ್ಲೋಟುಗಳನ್ನು, ಎಂದರೆ ತೇಲುದೋಣಿಗಳನ್ನು ಕೂಡಿಸಬೇಕು. ಅವು ಮೊದಲು ಒಳ್ಳೆಯ ದೋಣಿಗಳಾಗಿರಬೇಕು. ಅರ್ಧ ನಿಮಿಷದೊಳಗೆ ದೋಣಿತನವನ್ನು ತೊರೆದು ನೀರಿನಿಂದ ಬಿಡಿಸಿಕೊಳ್ಳಲೂ ಬೇಕು. ಈ ಎರಡು ವಿರುದ್ಧ ಗುಣಗಳನ್ನು ಒಂದೇ ವಸ್ತುವಿನಲ್ಲಿ ಹೇಗೆ ಹೊಂದಿಸುವರೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಹಿಂದಿನ ಕಥೆ

1910ರ ಮಾರ್ಚ್ 28ರಂದು ಫ್ರಾನ್ಸಿನ ಹೆನ್ರಿ ಫ್ಯಾಬರ್ ಎಂಬಾತನು ತನ್ನ ಯಂತ್ರವನ್ನು ನೀರಿನಿಂದ ಮೇಲೆಬ್ಬಿಸಿದನು. ಮರುವರ್ಷ ಜನವರಿ 26ರಂದು ಅಮೆರಿಕದ ಗ್ಲೆನ್ ಕರ್ಟಿಸ್ ಸ್ಯಾನ್ ಡಿಯಾಗೋ ಕೊಲ್ಲಿಯಲ್ಲಿ ಅದೇ ಸಾಹಸದಲ್ಲಿ ಜಯ ಪಡೆದನು. ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲಿದೆ. 1940ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಟಲೀನಾ ಎಂಬ ವಿಮಾನಗಳು ದುರಸ್ತಿಗೆ ಬರುತ್ತಿದ್ದವು. ಅವು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಇತ್ತೀಚೆಗೆ, 2024ರ ನವೆಂಬರ್ 11ರಂದು, ಟ್ವಿನ್ ಆಟರ್ ಜಾತಿಯ ವಿಮಾನವೊಂದು ಕೊಚ್ಚಿಯ ಬೋಳ್ಗಟ್ಟಿಯಿಂದ ಹಾರಿ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿ ಜಲಾಶಯದಲ್ಲಿ ಇಳಿದು ಪ್ರದರ್ಶನ ನೀಡಿತು.

ಈ ಎರಡು ವಿಮಾನಗಳ ರಚನೆ ಬೇರೆ ಬೇರೆ. ಕೆಟಲೀನಾದ ಒಡಲೇ ದೋಣಿ. ಅದು ವಾಲದಂತೆ ರೆಕ್ಕೆಯ ತುದಿಗಳಲ್ಲಿ ಎರಡು ಚಿಕ್ಕ ತೇಲುಗಳಿದ್ದು, ಹಾರುವಾಗ ಅವನ್ನು ಮೇಲಕ್ಕೆ ಮಡಚಿಕೊಳ್ಳಬಹುದಾಗಿತ್ತು. ಟ್ವಿನ್ ಆಟರ್ ವಿಮಾನದ ಒಡಲು ನೀರನ್ನು ಮುಟ್ಟುವುದಿಲ್ಲ; ಎರಡು ತೇಲುದೋಣಿಗಳು ಅದನ್ನು ಎತ್ತಿ ಹಿಡಿದಿರುತ್ತವೆ. ಮನೆಯಲ್ಲಿ ಕಟ್ಟಿದ ಪುಟ್ಟ ಗಾಲಿವಿಮಾನವನ್ನು ಜಲವಿಮಾನವಾಗಿ ಮಾರ್ಪಡಿಸಲು ಈ ಎರಡನೆಯ ವಿಧಾನವೇ ಅನುಕೂಲ.

ತೂಕದ ಲೆಕ್ಕ

ಇಬ್ಬರು ಕೂಡಬಹುದಾದ ವಿಮಾನವೊಂದನ್ನು ಊಹಿಸಿಕೊಳ್ಳೋಣ. ಅದು ಹೊರಡುವಾಗಿನ ಗರಿಷ್ಠ ತೂಕ 600 ಕಿಲೋಗ್ರಾಂ. ಗಾಲಿಗಳ ಸಹಿತ ಬರಿಯ ವಿಮಾನದ ತೂಕ 350 ಕಿಲೋಗ್ರಾಂ. ಇಬ್ಬರಿಗೆ 150 ಕಿಲೋಗ್ರಾಂ ಕಳೆದರೆ, ಇಂಧನಕ್ಕೂ ಸಾಮಾನಿಗೂ 100 ಕಿಲೋಗ್ರಾಂ ಉಳಿಯುವುದು. ಗಾಲಿಗಳಿಗಿಂತ ತೇಲುದೋಣಿಗಳು 60 ಕಿಲೋಗ್ರಾಂ ಹೆಚ್ಚು ತೂಗುವುವೆಂದು ಇಟ್ಟುಕೊಂಡರೆ, ಉಳಿಯುವುದು ಕೇವಲ 40. ಗರಿಷ್ಠ ತೂಕವನ್ನು ಮನಬಂದಂತೆ ಏರಿಸುವಂತಿಲ್ಲ. ಏಕೆಂದರೆ ರೆಕ್ಕೆಯ ಬಲವೂ ಎಂಜಿನ್ನಿನ ಶಕ್ತಿಯೂ ಹೆಚ್ಚಿಲ್ಲವಷ್ಟೆ.

ಹಳಿಯಾಳ, ದಾಂಡೇಲಿಗಳ ಕಾಡು ತೇಗಕ್ಕೆ ಹೆಸರಾದುದು. ದೋಣಿಗೆ ತೇಗದಂಥ ಮರ ವಿರಳ. ಆದರೆ ಜಲವಿಮಾನಕ್ಕೆ ಅದು ತಕ್ಕುದಲ್ಲ. ತೇಗದ ಸಾಂದ್ರತೆ ಘನ ಮೀಟರಿಗೆ ಸುಮಾರು 650 ಕಿಲೋಗ್ರಾಂ. ವಿಮಾನಗಳಲ್ಲಿ ಬಳಸುವ ಸ್ಪ್ರೂಸ್ ಮರದ್ದು ಸುಮಾರು 400ರಿಂದ 450. ಆದುದರಿಂದ ತೇಲುದೋಣಿಗಳನ್ನು ಹಗುರವಾದ ಪ್ಲೈವುಡ್, ಅಲ್ಯೂಮಿನಿಯಂ ತಗಡು ಅಥವಾ ಗಾಜಿನ ನಾರಿನಿಂದ ಮಾಡುವರು.

ಎಷ್ಟು ದೊಡ್ಡದು? ಎಷ್ಟು ಕೋಣೆಗಳು?

ಆರ್ಕಿಮಿಡೀಸನ ನಿಯಮದಂತೆ, ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸಿಹಿನೀರಿನಲ್ಲಿ 600 ಕಿಲೋಗ್ರಾಂ ಎಂದರೆ 600 ಲೀಟರು. ಪ್ರತಿಯೊಂದು ತೇಲುದೋಣಿಗೆ 300 ಲೀಟರು. ಕಾರವಾರದಲ್ಲಿ ಕಾಳಿ ನದಿಯು ಸೇರುವ ಸಮುದ್ರದ ನೀರು ಸುಮಾರು ಶೇಕಡಾ 2.5ರಷ್ಟು ಹೆಚ್ಚು ಸಾಂದ್ರವಾದುದರಿಂದ ಅಲ್ಲಿ ತುಸು ಕಡಮೆ ನೀರು ಸಾಕು. ಆದರೆ ಲೆಕ್ಕವನ್ನು ಸಿಹಿನೀರಿಗೇ ಹಾಕುವುದು ಕ್ಷೇಮ.

300 ಲೀಟರಿನ ತೇಲುದೋಣಿಯು ನೀರಿನಲ್ಲಿ ಪೂರ್ಣವಾಗಿ ಮುಳುಗಿಯೇ ನಿಲ್ಲುವುದು. ಒಂದು ಅಲೆ ಬಂದರೆ ಮುಗಿಯಿತು. ಆದುದರಿಂದ ಅಗತ್ಯಕ್ಕಿಂತ ಶೇಕಡಾ 80ರಷ್ಟು ಹೆಚ್ಚು ತೇಲುಬಲ ಇರಬೇಕೆಂದು ಅಮೆರಿಕದ ವಿಮಾನ ನಿಯಮಾವಳಿಯು ವಿಧಿಸುತ್ತದೆ. ನಮ್ಮ ವಿಮಾನಕ್ಕೆ ಒಂದೊಂದೂ 540 ಲೀಟರಿನದಾಗಬೇಕು.

ತಳವು ಬಂಡೆಗೆ ತಾಗಿ ಸೀಳಿದರೆ ಗತಿಯೇನು? ಅದಕ್ಕಾಗಿಯೇ ಒಳಗೆ ನೀರು ತೂರದ ಅಡ್ಡಗೋಡೆಗಳನ್ನು ಕಟ್ಟಿ ಕೋಣೆಗಳನ್ನಾಗಿ ವಿಭಾಗಿಸುವರು. ಒಂದೊಂದು ತೇಲುದೋಣಿಗೆ ಕನಿಷ್ಠ ನಾಲ್ಕು ಕೋಣೆಗಳಿರಬೇಕು, ಯಾವುವೇ ಎರಡರಲ್ಲಿ ನೀರು ತುಂಬಿದರೂ ವಿಮಾನ ಮಗುಚಬಾರದು ಎಂಬುದು ಅದೇ ನಿಯಮಾವಳಿಯ ಹಿಂದಿನ ರೂಪದಲ್ಲಿತ್ತು. ಇಲ್ಲಿ ಅವಸರದ ಲೆಕ್ಕ ಮೋಸಗೊಳಿಸುವುದು. ನಾಲ್ಕು ಸಮ ಕೋಣೆಗಳಲ್ಲಿ ಎಡಗಡೆಯ ಎರಡು ತುಂಬಿದವೆನ್ನೋಣ. ಎಡಗಡೆ 270, ಬಲಗಡೆ 540, ಒಟ್ಟು 810 ಲೀಟರು ಉಳಿಯಿತು, ಬೇಕಾದುದು 600. ಸಾಕಾಯಿತೆಂದು ತೋರುವುದು. ಆದರೆ ಎಡದ ತೇಲುದೋಣಿಯ ಪಾಲಿನ ಭಾರ 300. ಅದು ಹೊರಬಲ್ಲುದು 270. ಪೂರ್ಣ ಮುಳುಗಿದರೂ ತನ್ನ ಪಾಲನ್ನು ಹೊರಲಾರದೆ ಅದು ಕೆಳಗಿಳಿಯುವುದು, ವಿಮಾನವು ಎಡಕ್ಕೆ ವಾಲುವುದು. ವಾಲಿದಷ್ಟೂ ಎತ್ತರದಲ್ಲಿರುವ ಗುರುತ್ವ ಕೇಂದ್ರವು ಎಡಕ್ಕೇ ಸರಿಯುವುದು. ಮುಂದಿನದನ್ನು ಹೇಳಬೇಕಾಗಿಲ್ಲ.

ಐದು ಕೋಣೆಗಳಾದರೆ ಉಳಿಯುವುದು 324 ಲೀಟರು. ಆರು ಕೋಣೆಗಳಾದರೆ 360. ಎರಡು ಅಡ್ಡಗೋಡೆಗಳ ಅಲ್ಪ ತೂಕವು ಇಬ್ಬರ ಪ್ರಾಣಕ್ಕೆ ಕಾವಲು. ಒಟ್ಟು ಮೊತ್ತ ಸರಿಹೋದ ಮಾತ್ರಕ್ಕೆ ಸಮತೋಲ ಸರಿಹೋಗುವುದಿಲ್ಲವೆಂಬ ಪಾಠವನ್ನು ವಿದ್ಯಾರ್ಥಿಗಳು ಮರೆಯಬಾರದು.

ಎರಡು ಏಕೆ?

ಒಂದೇ ದೊಡ್ಡ ತೇಲುದೋಣಿ ಸಾಲದೆ? ದೋಣಿಯು ವಾಲಿದಾಗ ನೆಟ್ಟಗಾಗುವ ಶಕ್ತಿಯನ್ನು ಮೆಟಾಸೆಂಟರ್ ಎಂಬ ಬಿಂದುವಿನ ಎತ್ತರದಿಂದ ಅಳೆಯುವರು. ಈ ಬಿಂದು ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ದೋಣಿ ನೆಟ್ಟಗಾಗುವುದು, ಕೆಳಗಿದ್ದರೆ ಮಗುಚುವುದು. 5 ಮೀಟರ್ ಉದ್ದ, 0.7 ಮೀಟರ್ ಅಗಲದ ಒಂಟಿ ತೇಲುದೋಣಿಯಲ್ಲಿ ಈ ಬಿಂದುವು ತೇಲುಬಲದ ಕೇಂದ್ರದಿಂದ ಸುಮಾರು ಕಾಲು ಮೀಟರ್ ಮಾತ್ರ ಮೇಲಿರುವುದು. ನೀರಿನ ಮಟ್ಟದಲ್ಲಿ ತಲಾ 2 ಚದರ ಮೀಟರ್ ವಿಸ್ತಾರವುಳ್ಳ ಎರಡನ್ನು 2 ಮೀಟರ್ ಅಂತರದಲ್ಲಿಟ್ಟರೆ, ಅದೇ ಎತ್ತರ 6 ಮೀಟರಿಗೂ ಮಿಗಿಲಾಗುವುದು. ಪುಟ್ಟ ವಿಮಾನದ ಗುರುತ್ವ ಕೇಂದ್ರ ನೀರಿನಿಂದ ಒಂದೆರಡು ಮೀಟರ್ ಎತ್ತರದಲ್ಲಿರುವುದರಿಂದ ಎರಡು ತೇಲುದೋಣಿಗಳ ಮೇಲೆ ಅದು ಸ್ಥಿರವಾಗಿ ನಿಲ್ಲುತ್ತದೆ.

ಮೆಟ್ಟಿಲಿನ ಮಹಿಮೆ

ಇನ್ನು ನೀರಿನಿಂದ ಬಿಡಿಸಿಕೊಳ್ಳುವ ವಿಚಾರ. ಚಮಚವೊಂದನ್ನು ಹಿಡಿಯ ತುದಿಯಲ್ಲಿ ಸಡಿಲವಾಗಿ ಹಿಡಿದು, ಅದರ ಉಬ್ಬಿದ ಬೆನ್ನನ್ನು ನಲ್ಲಿಯಿಂದ ಬೀಳುವ ನೀರಿಗೆ ತಾಗಿಸಿ ನೋಡಿರಿ. ನೀರು ಚಮಚವನ್ನು ದೂಡುವುದೆಂದು ನೀವು ನಿರೀಕ್ಷಿಸುವಿರಿ. ಆದರೆ ಅದು ಒಳಗೆ ಸೆಳೆದುಕೊಳ್ಳುವುದು. ಉಬ್ಬಿದ ಮೈಯನ್ನು ಅಪ್ಪಿ ಹರಿಯುವ ನೀರು ಆ ಮೈಯನ್ನು ತನ್ನತ್ತ ಎಳೆಯುತ್ತದೆ. ಬಾಳೆಹಣ್ಣಿನಂತೆ ಬಾಗಿದ ತಳವುಳ್ಳ ದೋಣಿಯು ವೇಗವಾಗಿ ಹೋದಷ್ಟೂ ಅದರ ಹಿಂಭಾಗ ಹೀಗೆಯೇ ನೀರಿಗೆ ಸೆಳೆಯಲ್ಪಡುವುದು.

ಈ ಹಿಡಿತವನ್ನು ಕತ್ತರಿಸಲು ತಳದ ಸುಮಾರು ಮಧ್ಯದಲ್ಲಿ ಒಂದು ಮೆಟ್ಟಿಲನ್ನು ಮಾಡುವರು. ಚೂಪಾದ ಆ ಅಂಚಿನಲ್ಲಿ ನೀರು ತಳವನ್ನು ಬಿಡುವುದು. ಹಿಂದಿನ ಪೊಳ್ಳಿಗೆ ಗಾಳಿ ನುಗ್ಗುವುದು. ಆಗ ಮುಂಭಾಗ ಮಾತ್ರ, ಕೆರೆಯಲ್ಲಿ ಎಸೆದ ಬಿಲ್ಲೆಗಲ್ಲಿನಂತೆ, ನೀರಿನ ಮೇಲೆ ಜಾರುತ್ತದೆ. ತಳವನ್ನು ಚಪ್ಪಟೆಯಾಗಿಸದೆ ನಡುವೆ ಏಣು ಬರುವಂತೆ ಇಳಿಜಾರಾಗಿಸುವುದರಿಂದ ಇಳಿಯುವಾಗಿನ ಪೆಟ್ಟು ತಗ್ಗುವುದು.

ಮೆಟ್ಟಿಲಿನ ಸ್ಥಾನವು ವಿಮಾನದ ಗುರುತ್ವ ಕೇಂದ್ರಕ್ಕಿಂತ ಸ್ವಲ್ಪವೇ ಹಿಂದೆ ಇರಬೇಕು. ಬಹಳ ಹಿಂದಾದರೆ ಚಾಲಕನು ಮೂಗನ್ನು ಎತ್ತಲಾರನು. ಮುಂದಾದರೆ ವಿಮಾನವು ಕುದುರೆಯಂತೆ ಕುಣಿಯತೊಡಗುವುದು. ಇನ್ನೊಂದು ಸೂಕ್ಷ್ಮವೂ ಉಂಟು. ಬಾಣದ ಗರಿಗಳು ಹಿಂದಿರುವುದರಿಂದಲೇ ಅದು ನೇರವಾಗಿ ಹೋಗುವುದಷ್ಟೆ. ತೇಲುದೋಣಿಗಳ ಮೂತಿಗಳು ಮುಂದೆ ಚಾಚಿಕೊಂಡು ಬಾಣದ ತುದಿಗೆ ಗರಿ ಕಟ್ಟಿದಂತಾಗುವುದರಿಂದ, ಬಾಲದ ಕೆಳಗೆ ಹೆಚ್ಚಿನ ರೆಕ್ಕೆಯೊಂದನ್ನು ಜೋಡಿಸಬೇಕಾಗಬಹುದು.

ನೀರಿನ ದಿಬ್ಬ

ಹೊರಟ ಜಲವಿಮಾನವು ಮೊದಲು ನೀರನ್ನು ಉಳುತ್ತ ಸಾಗುವುದು. ಮೇಲೇಳುವ ವೇಗದ ಅರ್ಧವನ್ನು ಮುಟ್ಟುವುದಕ್ಕೆ ಮೊದಲೇ ನೀರಿನ ತಡೆಯು ಅತ್ಯಧಿಕವಾಗುತ್ತದೆ. ಇದನ್ನು ‘ದಿಬ್ಬ’ ಎನ್ನುವರು. ದಿಬ್ಬ ದಾಟಿದರೆ ಮೆಟ್ಟಿಲಿನ ಮೇಲೆ ಜಾರುವಿಕೆ ಆರಂಭ. ದಾಟದಿದ್ದರೆ ಎಂಜಿನ್ ಎಷ್ಟು ಗರ್ಜಿಸಿದರೂ ವಿಮಾನವು ದೋಣಿಯಾಗಿಯೇ ಉಳಿಯುವುದು.

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿರುವ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 564 ಮೀಟರ್. ಆ ಎತ್ತರದಲ್ಲಿ, 35 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ ಪ್ರಮಾಣಕ್ಕಿಂತ ಸುಮಾರು ಶೇಕಡಾ 12ರಿಂದ 13 ಕಡಮೆ. ಇದರಿಂದ ಮೇಲೇಳುವ ವೇಗವು ಶೇಕಡಾ 7ರಷ್ಟು ಏರುವುದು. ಎಂಜಿನ್ನಿನ ಶಕ್ತಿಯೋ ಇಳಿಯುವುದು. ಆದರೆ ನೀರಿನ ಸಾಂದ್ರತೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲ. ದಿಬ್ಬವು ಕಾರವಾರದಲ್ಲಿ ಎಷ್ಟೋ ಸೂಪಾದಲ್ಲಿಯೂ ಅಷ್ಟೇ. ದೂಡುವವನು ಸೊರಗಿದ್ದಾನೆ, ದಿಬ್ಬ ಮಾತ್ರ ತಗ್ಗಿಲ್ಲ. ಕರಾವಳಿಯಲ್ಲಿ ಲೀಲೆಯಿಂದ ಏಳುವ ವಿಮಾನವು ಮಧ್ಯಾಹ್ನದ ಬಿಸಿಲಿನಲ್ಲಿ ಘಟ್ಟದ ಮೇಲಿನ ಜಲಾಶಯದಿಂದ ಏಳದೆ ಹೋಗಬಹುದು. ಬೆಳಗಿನ ತಂಪು ಹೊತ್ತು, ಕಡಮೆ ಹೊರೆ, ಸಣ್ಣ ಅಲೆಗಳು, ಇವು ಸಹಾಯಕ. ಕನ್ನಡಿಯಂತೆ ನಿಶ್ಚಲವಾದ ನೀರು ನೋಟಕ್ಕೆ ಚೆನ್ನ. ಆದರೆ ಅದರ ಹಿಡಿತ ಬಿಗಿ, ಇಳಿಯುವಾಗ ಎತ್ತರದ ಅಂದಾಜೂ ಅದರ ಮೇಲೆ ಸಿಕ್ಕುವುದಿಲ್ಲ.

ನೀವೇ ಮಾಡಬಹುದಾದ ಪ್ರಯೋಗ

ನಿಜವಾದ ಜಲವಿಮಾನವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ಹಾರಿಸಲಾಗದು. ಆದರೆ ಮಾದರಿಗೆ ಅಡ್ಡಿಯಿಲ್ಲ. ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರನು ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿದಂತೆ, ಉದ್ದವನ್ನು ಒಂಬತ್ತನೆಯ ಒಂದು ಪಾಲಿಗಿಳಿಸಿದರೆ ವೇಗವನ್ನು ಅದರ ವರ್ಗಮೂಲದಂತೆ ಮೂರನೆಯ ಒಂದು ಪಾಲಿಗೂ, ತೂಕವನ್ನು ಅದರ ಘನದಂತೆ 729ನೆಯ ಒಂದು ಪಾಲಿಗೂ ಇಳಿಸಬೇಕು. ನಮ್ಮ 5 ಮೀಟರಿನ ತೇಲುದೋಣಿ ಸುಮಾರು 56 ಸೆಂಟಿಮೀಟರಾಗುವುದು. 600 ಕಿಲೋಗ್ರಾಂ ಸುಮಾರು 823 ಗ್ರಾಂ ಆಗುವುದು. ದಿಬ್ಬದ ವೇಗ ಸೆಕೆಂಡಿಗೆ 8 ಮೀಟರಿದ್ದರೆ ಮಾದರಿಗೆ 2.7 ಮೀಟರ್, ಎಂದರೆ ಹುಡುಗನೊಬ್ಬನ ಸಾಧಾರಣ ಓಟ ಸಾಕು.

ಹಗುರ ಮರದಲ್ಲಿ ಒಂದೇ ಅಳತೆಯ ಎರಡು ಜೊತೆಗಳನ್ನು ಕೆತ್ತಿರಿ: ಒಂದಕ್ಕೆ ಮೆಟ್ಟಿಲಿರಲಿ, ಇನ್ನೊಂದಕ್ಕೆ ಬೇಡ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ಒಂದೇ ವೇಗದಲ್ಲಿ ದಡದುದ್ದಕ್ಕೂ ಎಳೆದು, ಎರಡರ ತಡೆಯನ್ನು ಹೋಲಿಸಿರಿ. ಆಳವಿಲ್ಲದ ಕಟ್ಟೆಯೊಂದನ್ನು ಆರಿಸಿಕೊಂಡು, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿರಿ. ದಾಂಡೇಲಿಯ ಕಾಳಿ ನದಿಗೆ ಮಾತ್ರ ಹೋಗಬಾರದು, ಅಲ್ಲಿ ಮೊಸಳೆಗಳಿವೆ.

ಎಳೆದು ನೋಡಿದ ಮೇಲೆ ನಿಮ್ಮ ಅಂಕಿಗಳನ್ನು ಬರೆದಿಡಿರಿ. ಅತ್ತಿವೇರಿಯ ನೀರುಕಾಗೆಯು ಹುಟ್ಟಿನಿಂದ ಬಲ್ಲುದನ್ನು ಮನುಷ್ಯನು ಲೆಕ್ಕದಿಂದಲೂ ಪ್ರಯೋಗದಿಂದಲೂ ಕಲಿಯಬೇಕಾಗಿದೆ. ಆ ಲೆಕ್ಕದಲ್ಲಿ ತಪ್ಪಿದ್ದರೆ ಅದು ಕಾಗದದ ಮೇಲೆ ಅಥವಾ ಕಟ್ಟೆಯ ನೀರಿನಲ್ಲಿ ಗೊತ್ತಾಗುವುದು ಲೇಸು. ಜಲಾಶಯದ ನಡುವೆ ಗೊತ್ತಾದರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ.