ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳಿಗೆ: ಮೂರು ತಿಂಗಳ ಸಿದ್ಧತೆ, ಇಬ್ಬರಿಗೂ

ನಿಕಾಹ್ ಆಗಿ ವರ್ಷ ತುಂಬುವುದರೊಳಗೆ ಮನೆಯಲ್ಲಿ, ನೆಂಟರಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಒಂದೇ ಪ್ರಶ್ನೆ: "ಏನಾದರೂ ವಿಶೇಷ ಇದೆಯಾ?" ಈ ಪ್ರಶ್ನೆ ಕೇಳುವುದು ಸೊಸೆಯನ್ನು ಮಾತ್ರ. ಮಗನನ್ನು ಯಾರೂ ಕೇಳುವುದಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ದವಾಖಾನೆಗೆ ಬರುವ ಹೆಚ್ಚಿನ ಸಹೋದರಿಯರು ಅತ್ತೆಯ ಜೊತೆ ಬರುತ್ತಾರೆ, ಗಂಡನ ಜೊತೆಯಲ್ಲ. ಕೈಯಲ್ಲಿ ಮೂರು-ನಾಲ್ಕು ಸ್ಕ್ಯಾನಿಂಗ್ ವರದಿ ಇರುತ್ತದೆ. ಗಂಡನದ್ದು ಒಂದು ಪರೀಕ್ಷೆಯೂ ಆಗಿರುವುದಿಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಕಾರಣ ಪುರುಷನಲ್ಲಿಯೂ ಇರುತ್ತದೆ. ಇದು ಹೊಸ ಮಾತೂ ಅಲ್ಲ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ (980–1037) ತಮ್ಮ 'ಅಲ್-ಕಾನೂನ್' ಗ್ರಂಥದಲ್ಲಿ ಬಂಜೆತನದ, ಅಂದರೆ 'ಉಕ್ರ್'ನ ಕಾರಣಗಳನ್ನು ಗಂಡು-ಹೆಣ್ಣು ಇಬ್ಬರಲ್ಲಿಯೂ ಹುಡುಕಿದ್ದಾರೆ. ಆದ್ದರಿಂದ ಈ ಪಾಠವನ್ನು ದಯವಿಟ್ಟು ಇಬ್ಬರೂ ಕೂತು ಓದಿ.

ಎಷ್ಟು ಕಾಯಬೇಕು?

ಗರ್ಭನಿರೋಧಕ ಬಳಸದೆ ಒಟ್ಟಿಗೆ ಬಾಳುವ ದಂಪತಿಗಳಲ್ಲಿ ನೂರಕ್ಕೆ 80ರಿಂದ 85 ಮಂದಿ ಒಂದು ವರ್ಷದೊಳಗೆ ಗರ್ಭ ಧರಿಸುತ್ತಾರೆ. ಹಾಗಾಗಿ ಎರಡು-ಮೂರು ತಿಂಗಳಿಗೇ ಗಾಬರಿ ಬೇಡ. ವರ್ಷ ಕಳೆದರೂ ಆಗದಿದ್ದರೆ ಇಬ್ಬರೂ ತಪಾಸಣೆಗೆ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಮುಟ್ಟಿನಲ್ಲಿ ತಡೆಯಲಾರದ ನೋವು, ಹಿಂದೆ ಕ್ಷಯ ಅಥವಾ ಕಿಬ್ಬೊಟ್ಟೆಯ ಸೋಂಕು, ಗಂಡನಿಗೆ ದೊಡ್ಡವನಾದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದು, ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ.

ದಿನಗಳ ಲೆಕ್ಕ ನಿಮ್ಮ ಬಳಿಯೇ ಇದೆ

ನಮಾಝ್ ಬಿಟ್ಟ ದಿನ, ಗುಸ್ಲ್ ಮಾಡಿದ ದಿನ, ರಮಝಾನಿನಲ್ಲಿ ತಪ್ಪಿದ ಉಪವಾಸ: ಇವುಗಳ ಲೆಕ್ಕವನ್ನು ನಮ್ಮ ಸಹೋದರಿಯರು ಚಿಕ್ಕಂದಿನಿಂದ ಇಡುತ್ತಾರೆ. ವೈದ್ಯರಿಗೆ ಬೇಕಾದದ್ದೂ ಇದೇ ಲೆಕ್ಕ. ಅದನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ.

ಸ್ರಾವ ಶುರುವಾದ ದಿನವನ್ನು 1 ಎಂದು ಎಣಿಸಿ. ಮುಂದಿನ ಮುಟ್ಟು ಬರುವ ಸುಮಾರು 14 ದಿನ ಮೊದಲು ಅಂಡಾಣು ಬಿಡುಗಡೆಯಾಗುತ್ತದೆ. ಅದು 12ರಿಂದ 24 ಗಂಟೆ ಬದುಕುತ್ತದೆ. ವೀರ್ಯಾಣು ಗರ್ಭದೊಳಗೆ ಐದು ದಿನದವರೆಗೆ ಬದುಕಿರಬಲ್ಲದು. ಆದ್ದರಿಂದ ಅಂಡಾಣು ಬಿಡುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ ಫಲವತ್ತಾದ ದಿನಗಳು. 28 ದಿನದ ಚಕ್ರವಾದರೆ 9ರಿಂದ 14ನೇ ದಿನ; 32 ದಿನದ್ದಾದರೆ 13ರಿಂದ 18ನೇ ದಿನ. ಆ ದಿನಗಳಲ್ಲಿ ಮೊಟ್ಟೆಯ ಬಿಳಿಯಂತೆ ತೆಳುವಾಗಿ, ಎಳೆಎಳೆಯಾಗಿ ಬರುವ ಸ್ರಾವ ರೋಗವಲ್ಲ, ಅದೇ ಗುರುತು. ಆಗ ದಿನ ಬಿಟ್ಟು ದಿನ ಕೂಡಿದರೆ ಸಾಕು.

ಚಕ್ರ 24 ದಿನದ್ದಾಗಿ ಸ್ರಾವ ಎಂಟು ದಿನ ನಡೆದರೆ ಏನಾಗುತ್ತದೆ ನೋಡಿ. ಫಲವತ್ತಾದ ದಿನ 5ರಿಂದ 10. ಗುಸ್ಲ್ ಆಗುವ ಹೊತ್ತಿಗೆ ಉಳಿಯುವುದು ಎರಡೇ ದಿನ. ಗಂಡ ಗೋವಾದಲ್ಲೋ ಕೊಲ್ಲಿಯಲ್ಲೋ ಲಾರಿಯ ಮೇಲೋ ಇದ್ದರೆ ಆ ಎರಡೂ ಹೋಯಿತು. ಇಂಥ ಎಷ್ಟೋ ಮನೆಗಳಲ್ಲಿ ರೋಗವೇ ಇರುವುದಿಲ್ಲ, ದಿನ ಕೂಡಿಬಂದಿರುವುದಿಲ್ಲ. ಸ್ರಾವ ಎಂಟು ದಿನಕ್ಕಿಂತ ಹೆಚ್ಚು ನಡೆದರೆ ಮಾತ್ರ ಕಾರಣ ಹುಡುಕಿಸಲೇಬೇಕು.

ಮೂರು ತಿಂಗಳು ಏಕೆ?

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಇಂದು ಗುಟ್ಕಾ ಬಿಟ್ಟರೆ ಅದರ ಫಲ ಕಾಣುವುದು ಎರಡೂವರೆ-ಮೂರು ತಿಂಗಳ ನಂತರ. ಹೆಂಡತಿಯ ರಕ್ತ ತುಂಬಿಕೊಳ್ಳಲು, ತೂಕ ಸರಿಹೋಗಲು ಕೂಡ ಅಷ್ಟೇ ಸಮಯ ಹಿಡಿಯುತ್ತದೆ. ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು (ಅಸ್ಬಾಬೆ ಸಿತ್ತಾ ಝರೂರಿಯಾ) ಹೇಳಲಾಗಿದೆ. ಅವುಗಳ ಕ್ರಮದಲ್ಲಿಯೇ ನೋಡೋಣ.

1. ಗಾಳಿ: ಬೀಡಿ, ಸಿಗರೇಟು, ಗುಟ್ಕಾ, ತಂಬಾಕಿನ ಪಾನ್ ವೀರ್ಯಾಣುವಿನ ಸಂಖ್ಯೆ, ಚಲನೆ ಎರಡನ್ನೂ ಕುಗ್ಗಿಸುತ್ತವೆ. ಪಕ್ಕದಲ್ಲಿ ಕೂತು ಹೊಗೆ ಕುಡಿಯುವ ಹೆಂಡತಿಗೂ ಹಾನಿ. ವೃಷಣಗಳಿಗೆ ಮೈಯ ಶಾಖಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು. ಬಾಯ್ಲರ್ ಬಳಿ, ಬೇಕರಿಯ ಭಟ್ಟಿಯ ಮುಂದೆ, ಗಾಣದ ಒಲೆಯ ಬಳಿ ಕೆಲಸ ಮಾಡುವವರು, ದಿನವಿಡೀ ಲಾರಿ ಓಡಿಸುವವರು ಸಡಿಲ ಹತ್ತಿ ಬಟ್ಟೆ ತೊಟ್ಟು ನಡುನಡುವೆ ಎದ್ದು ಓಡಾಡಲಿ. ಕಬ್ಬು, ಜೋಳ, ಹತ್ತಿಗೆ ಔಷಧಿ ಹೊಡೆಯುವವರು ಮುಖಕ್ಕೆ ಬಟ್ಟೆ, ಕೈಗೆ ಗವಸು ಹಾಕಲಿ; ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬೇರೆ ಒಗೆಯಲಿ.

2. ಊಟ, ನೀರು: ಜೋಯಿಡಾದ ಗೆಡ್ಡೆ-ಗೆಣಸು ಮೇಳಕ್ಕೆ ದೂರದಿಂದ ಜನ ಬರುತ್ತಾರೆ. ನಮ್ಮ ಅಂಗಳದ ನುಗ್ಗೆಸೊಪ್ಪು, ಬಸಳೆ, ಗೆಣಸು, ರಾಗಿ, ಹುರುಳಿ, ಮೊಟ್ಟೆ, ಕಾರವಾರದಿಂದ ಬರುವ ಬಂಗುಡೆ-ತಾರ್ಲೆ ಇವೇ ಗರ್ಭಧಾರಣೆಗೆ ಬೇಕಾದ ಆಹಾರ. ಖರ್ಜೂರ, ಬಾದಾಮಿ ನಾಲ್ಕೈದು ಸಾಕು. ಚಹಾದ ಜೊತೆ ಖಾರಿ-ಟೋಸ್ಟು, ಡಾಲ್ಡಾ, ತಂಪು ಪಾನೀಯ ಕಡಿಮೆ ಮಾಡಿ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಡಿ.

3. ದುಡಿಮೆ, ವಿಶ್ರಾಂತಿ: ಮುಟ್ಟು ತಪ್ಪುತ್ತಾ ಮೈ ದಪ್ಪಗಾಗಿರುವವರಲ್ಲಿ ತೂಕದ ನೂರಕ್ಕೆ 5ರಿಂದ 10 ಭಾಗ ಇಳಿದರೂ ಮುಟ್ಟು ಸರಿಹೋಗುವುದುಂಟು. 70 ಕಿಲೋ ಇದ್ದರೆ ಅದು ಮೂರೂವರೆಯಿಂದ ಏಳು ಕಿಲೋ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸೊಸೆ ಬೆಳಿಗ್ಗೆ ವಾಕಿಂಗ್ ಹೋದರೆ ಅತ್ತೆಯವರು ಬೇಸರಿಸಬಾರದು, ಜೊತೆಗೆ ಹೋಗಲಿ. ಜಿಮ್‌ಗೆ ಹೋಗುವ ಯುವಕರೇ, ಮೈ ಬೆಳೆಸಲು ಕೊಡುವ ಹಾರ್ಮೋನ್ ಚುಚ್ಚುಮದ್ದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು.

4. ಮನಸ್ಸು: ಚುಚ್ಚುಮಾತು ಔಷಧಿಯಲ್ಲ. ಎರಡನೇ ಮದುವೆಯ ಮಾತು ತೆಗೆಯುವ ಮೊದಲು ಮಗನ ಪರೀಕ್ಷೆ ಮಾಡಿಸಿ. ದೋಷ ಅವನಲ್ಲಿದ್ದರೆ ಎರಡನೇ ಮನೆಯಲ್ಲಿಯೂ ತೊಟ್ಟಿಲು ಖಾಲಿಯೇ.

5. ನಿದ್ದೆ: ಪಾಳಿಯ ಕೆಲಸದವರೂ ಏಳು ಗಂಟೆ ನಿದ್ದೆ ಹೊಂದಿಸಿಕೊಳ್ಳಬೇಕು. ಇಶಾ ಆದ ಮೇಲೆ ನಡುರಾತ್ರಿಯವರೆಗೆ ಮೊಬೈಲು ಬೇಡ.

6. ವಿಸರ್ಜನೆ, ಶುಚಿ: ಮಲಬದ್ಧತೆ ಇರಬಾರದು, ಮೂತ್ರ ತಡೆಯಬಾರದು. ಇಸ್ತಿಂಜಾಗೆ ಶುದ್ಧ ನೀರು ಸಾಕು. ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಒಳಗೆ ಸಾಬೂನು, ಡೆಟಾಲ್ ಹಾಕಿ ತೊಳೆಯುವುದು ಶುಚಿಯಲ್ಲ, ಸೋಂಕಿಗೆ ದಾರಿ. ಮುಟ್ಟಿನ ಬಟ್ಟೆಯನ್ನು ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿಡದೆ ಬಿಸಿಲಿಗೆ ಒಣಗಿಸಿ. ವಾಸನೆ ಅಥವಾ ತುರಿಕೆ ಇರುವ ಬಿಳಿಸೆರಗಿಗೆ ನಾಚಿಕೆ ಬಿಟ್ಟು ಚಿಕಿತ್ಸೆ ಪಡೆಯಿರಿ. ಸೋಂಕು ಮೇಲೇರಿದರೆ ಅಂಡನಾಳ ಮುಚ್ಚಿಹೋಗುತ್ತದೆ.

ಮಾಡಿಸಬೇಕಾದ ಪರೀಕ್ಷೆಗಳು

ಪತ್ನಿಗೆ: ಹಿಮೋಗ್ಲೋಬಿನ್ (12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ), ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿ ಒಂದು ತಿಂಗಳು ಬಿಟ್ಟು ಪ್ರಯತ್ನಿಸಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಈಗಿನಿಂದಲೇ ಶುರುಮಾಡಿ. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ತಾಯಂದಿರಿಗೆ ಗರ್ಭ ನಿಂತದ್ದೇ ಗೊತ್ತಿರುವುದಿಲ್ಲ. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೂರ್ಛೆರೋಗದ ಮಾತ್ರೆ ಸೇವಿಸುತ್ತಿದ್ದರೆ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಪತಿಗೆ: ವೀರ್ಯ ಪರೀಕ್ಷೆ. ಇದು ಅಗ್ಗದ, ನೋವಿಲ್ಲದ ಪರೀಕ್ಷೆ. ಎರಡರಿಂದ ಏಳು ದಿನ ದೂರವಿದ್ದು ಮಾದರಿ ಕೊಡಬೇಕು. ಒಂದು ವರದಿ ಕೆಟ್ಟದಾಗಿ ಬಂದರೆ ಎದೆಗುಂದಬೇಡಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. ಮಾದರಿ ಪಡೆಯುವ ವಿಧಾನದ ಬಗ್ಗೆ ಸಂಕೋಚವಿದ್ದರೆ ಆಲಿಮರ ಬಳಿ ಕೇಳಿ, ಆ ಕಾರಣಕ್ಕೆ ವರ್ಷಗಳನ್ನು ಕಳೆಯಬೇಡಿ.

ಇಬ್ಬರಿಗೂ: ಹತ್ತಿರದ ಸಂಬಂಧದಲ್ಲಿ ಮದುವೆಯಾದವರು ಮತ್ತು ಸಿದ್ದಿ ಸಮುದಾಯದ ಸಹೋದರ-ಸಹೋದರಿಯರು ಸಿಕಲ್ ಸೆಲ್ ಹಾಗೂ ಥಲಸ್ಸೇಮಿಯಾ ರಕ್ತಪರೀಕ್ಷೆ ಮಾಡಿಸಿ. ಇಬ್ಬರಲ್ಲಿಯೂ ಅದೇ ದೋಷದ ಅಂಶ ಅಡಗಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಈ ಪರೀಕ್ಷೆಗಳಲ್ಲಿ ಹಲವು ತಾಲೂಕು ಆಸ್ಪತ್ರೆಯಲ್ಲಿಯೇ ಆಗುತ್ತವೆ. ಮುಂದಿನ ತಪಾಸಣೆಗೆ ಕಾರವಾರ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಗರ್ಭಕೋಶದ ಕ್ಷಯ ನಮ್ಮ ದೇಶದಲ್ಲಿ ಬಂಜೆತನಕ್ಕೆ ಒಂದು ಮುಖ್ಯ ಕಾರಣ. ಕ್ಷಯದ ಚಿಕಿತ್ಸೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

ಯುನಾನಿ ಔಷಧಿಯ ಬಗ್ಗೆ

ಅಸ್ಗಂಧ್, ಸತಾವರ್, ಮೂಸ್ಲಿ, ಮಾಜೂನ್ ಸುಪಾರಿ ಪಾಕ್ ಇವುಗಳಿಗೆ ನಮ್ಮ ಪದ್ಧತಿಯಲ್ಲಿ ಸ್ಥಾನವಿದೆ. ಆದರೆ ಮಿಝಾಜ್ ನೋಡಿ, ಕಾರಣ ತಿಳಿದು ಕೊಟ್ಟಾಗ ಮಾತ್ರ. ಮುಚ್ಚಿದ ಅಂಡನಾಳವನ್ನು ಯಾವ ಮಾಜೂನ್ ಕೂಡ ತೆರೆಯುವುದಿಲ್ಲ. ವೀರ್ಯಾಣುವೇ ಇಲ್ಲದಿದ್ದರೆ ಮೊದಲು ಏಕೆ ಇಲ್ಲ ಎಂದು ತಿಳಿಯಬೇಕು. ಮುಟ್ಟು ನಿಂತ ಕೂಡಲೇ ಅಸ್ಗಂಧ್ ನಿಲ್ಲಿಸಿ; ಗರ್ಭಿಣಿಯರು ಕಲೋಂಜಿಯನ್ನು ಔಷಧಿಯ ಪ್ರಮಾಣದಲ್ಲಿ ಸೇವಿಸಬಾರದು. ಲೋಹದ ಕುಶ್ತಾಗಳನ್ನು ಸ್ವಂತವಾಗಿ ಎಂದೂ ತಿನ್ನಬೇಡಿ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ "ಗ್ಯಾರಂಟಿ ಸಂತಾನ" ಎನ್ನುವವರ ಹೆಸರಿಲ್ಲದ ಪುಡಿಗೆ ಕಿವಿಯೋಲೆ ಅಡವಿಡಬೇಡಿ. ಔಷಧಿಯ ಹೆಸರು ಬರೆದುಕೊಡದ ಹಕೀಮನ ಬಳಿ ಹೋಗಬೇಡಿ.

ಇಬ್ರಾಹೀಮ್(ಅ) ಮತ್ತು ಝಕರಿಯ್ಯಾ(ಅ)ರಿಗೆ ಸಂತಾನ ದೊರೆತದ್ದು ಮುಪ್ಪಿನಲ್ಲಿ. ಕೊಡುವುದು, ಕೊಡದಿರುವುದು ಅಲ್ಲಾಹನ ಕೈಯಲ್ಲಿದೆ ಎಂದು ನಂಬುವ ನಾವು, ಕೊಡದಿದ್ದಕ್ಕೆ ಸೊಸೆಯನ್ನು ಹೊಣೆ ಮಾಡುವುದು ಯಾವ ನ್ಯಾಯ? ದುಆ ಮಾಡಿ. ಈ ವಾರವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಫೋಲಿಕ್ ಮಾತ್ರೆ ತನ್ನಿ, ತಂಬಾಕು ಬಿಡಿ. ಮತ್ತು ಮುಂದಿನ ಸಲ ದವಾಖಾನೆಗೆ ಗಂಡ-ಹೆಂಡತಿ ಇಬ್ಬರೂ ಬನ್ನಿ.