ತೋಟದ ಹಳೆಯ ಜೀಪಿನ ತಳಭಾಗ: ತುಕ್ಕು ಹಿಡಿದ ಬೋಲ್ಟುಗಳ ಬದಲಾವಣೆ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುವ ಒಂದು ಜೊತೆ ಎತ್ತಿಗೆ ಸಮ. ವಿಲ್ಲೀಸ್ ಮಾದರಿಯ ಜೀಪುಗಳನ್ನು ಮಹೀಂದ್ರಾ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಭಾರತದಲ್ಲಿ ಜೋಡಿಸಲಾರಂಭಿಸಿತು. ಆ ವಂಶದ ಗಾಡಿಗಳು ತೋಟಕ್ಕೆ ಗೊಬ್ಬರ ಹೊತ್ತು, ಅಟ್ಟದಿಂದ ಇಳಿಸಿದ ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಲೇ ಇವೆ. ಇವುಗಳ ಎಂಜಿನ್ನಿಗೆ ಸಿಗುವ ಗಮನ ತಳಭಾಗಕ್ಕೆ ಸಿಗುವುದಿಲ್ಲ. ಆದರೆ ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ತಳದ ಬೋಲ್ಟು ತುಂಡಾದರೆ ಗಾಡಿ ಮಗುಚಬಹುದು.

ತುಕ್ಕಿಗೆ ಕಾರಣ

ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಒಟ್ಟಿಗೆ ತಾಗಿದಾಗ ತುಕ್ಕು ಹುಟ್ಟುತ್ತದೆ. ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಬ್ಬಿಣದ ಅದಿರೂ ಆಮ್ಲಜನಕ ಸೇರಿದ ಕಬ್ಬಿಣವೇ. ತುಕ್ಕು ಹಿಡಿಯುವುದೆಂದರೆ ಕಬ್ಬಿಣವು ತನ್ನ ಅದಿರಿನ ಸ್ಥಿತಿಗೆ ಮರಳುವುದು. ಉಪ್ಪಿನಂಶವಿದ್ದರೆ ಈ ಕ್ರಿಯೆ ಬಹಳ ಚುರುಕಾಗುತ್ತದೆ.

ತೆಂಗಿನ ನಾಡಿನಲ್ಲಿ ಉಪ್ಪಿನಂಶ ಗೊಬ್ಬರದ ಚೀಲದಲ್ಲಿಯೇ ಬರುತ್ತದೆ. ಫಲ ಕೊಡುವ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ ಮತ್ತು 1200 ಗ್ರಾಂ ಪೊಟ್ಯಾಷ್ ಶಿಫಾರಸಿದೆ. ಈ ಪೊಟ್ಯಾಷನ್ನು ಮ್ಯೂರಿಯೇಟ್ ಆಫ್ ಪೊಟ್ಯಾಷ್ ರೂಪದಲ್ಲಿ ಕೊಟ್ಟರೆ ಮರವೊಂದಕ್ಕೆ 2 ಕಿ.ಗ್ರಾಂ, ನೂರು ಮರಕ್ಕೆ 200 ಕಿ.ಗ್ರಾಂ ಬೇಕು. ಈ ಗೊಬ್ಬರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕ್ಲೋರಿನ್ ಇದೆ. ತೆಂಗಿಗೆ ಅದು ಪೋಷಕ, ಕಬ್ಬಿಣಕ್ಕೆ ಶತ್ರು. ಚೀಲದಿಂದ ಸೋರಿದ ಹರಳು ಛಾಸಿಯ ಸಂದಿಯಲ್ಲಿ ಕುಳಿತು, ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಕರಗಿ, ಬೋಲ್ಟಿನ ಬುಡಕ್ಕೆ ಇಳಿಯುತ್ತದೆ. ಹಸಿ ಕೊಟ್ಟಿಗೆ ಗೊಬ್ಬರವೂ, ಗಂಜಲವೂ ಇದಕ್ಕೆ ಸೇರುತ್ತವೆ.

ಅಪಾಯ ಎಲ್ಲಿದೆ?

ಸ್ಪ್ರಿಂಗ್ ಪಟ್ಟಿಗಳ ಕಟ್ಟನ್ನು ಆಕ್ಸಲ್ಲಿಗೆ ಬಿಗಿದಿಡುವುದು ಯು-ಬೋಲ್ಟುಗಳು. ಸಾಮಾನ್ಯವಾಗಿ ಒಂದು ಕಟ್ಟಿಗೆ ಎರಡು. ಪಟ್ಟಿಗಳ ನಡುವೆ ತೂರಿರುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಪೀಠದ ಕುಳಿಯಲ್ಲಿ ಕೂತು ಸ್ಥಾನವನ್ನು ಕಾಯುತ್ತದೆ. ಯು-ಬೋಲ್ಟ್ ಸವೆದು ಸಡಿಲವಾದರೆ ಇಡೀ ಎಳೆತ ಈ ಸಣ್ಣ ಬೋಲ್ಟಿನ ಮೇಲೆ ಬಿದ್ದು ಅದು ಕತ್ತರಿಸುತ್ತದೆ. ಆಗ ಆಕ್ಸಲ್ ಒಂದು ಕಡೆಗೆ ಜರಗುತ್ತದೆ. ಬ್ರೇಕಿನ ಕೊಳವೆಯೂ ಹರಿಯಬಹುದು. ತುಂಬಿದ ಕೊಬ್ಬರಿ ಚೀಲಗಳ ಮೇಲೆ ಆಳುಗಳು ಕುಳಿತಿರುವಾಗ ಹೀಗಾದರೆ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂತಿ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ಬೋಲ್ಟಿನ ಕಾಂಡ ನಡುವೆ ಸೊಂಟದಂತೆ ಸಣ್ಣಗಾಗಿದ್ದರೆ, ಹಕ್ಕಳೆಯೆದ್ದಿದ್ದರೆ, ನಟ್ಟಿನ ಸುತ್ತ ಕೆಂಪು ಪುಡಿ ಉದುರುತ್ತಿದ್ದರೆ ಬದಲಾಯಿಸುವುದೇ ಸರಿ. ಷಾಕಲ್ ಪಿನ್ನು ಮತ್ತು ಬುಷ್‌ಗಳನ್ನೂ ಇದೇ ಸಮಯದಲ್ಲಿ ಪರೀಕ್ಷಿಸಬೇಕು.

ಮೊದಲು ಜೀವರಕ್ಷಣೆ

ಬರಿಯ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಕೂಡದು. ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡೆ ಕೊಟ್ಟು, ಛಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡಬೇಕು. ಕೈಗೆ ಸಿಕ್ಕಿತೆಂದು ದುಂಡನೆಯ ತೆಂಗಿನ ಕೊರಡನ್ನಾಗಲಿ, ಇಟ್ಟಿಗೆ ಅಥವಾ ಟೊಳ್ಳು ಸಿಮೆಂಟ್ ಬ್ಲಾಕನ್ನಾಗಲಿ ಇಡಬಾರದು. ಕೊರಡು ಉರುಳುತ್ತದೆ, ಇಟ್ಟಿಗೆ, ಬ್ಲಾಕುಗಳು ಮುನ್ಸೂಚನೆಯಿಲ್ಲದೆ ಬಿರಿಯುತ್ತವೆ.

ಬಿಚ್ಚುವ ಕ್ರಮ

1. ಹಿಂದಿನ ದಿನವೇ ಥ್ರೆಡ್ಡುಗಳನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ರಾತ್ರಿಯಿಡೀ ನೆನೆಯಲು ಬಿಡಬೇಕು.

2. ಒಮ್ಮೆಗೆ ಒಂದು ಬದಿಯ ಕಟ್ಟನ್ನು ಮಾತ್ರ ಬಿಚ್ಚಬೇಕು. ಆಕ್ಸಲ್ಲಿಗೆ ಬೇರೆ ಜ್ಯಾಕಿನ ಆಸರೆ ಇರಬೇಕು.

3. ನಟ್ಟು ಸ್ವಲ್ಪ ಅಲುಗಿದರೆ ಒಂದೇ ಸಮನೆ ಎಳೆಯದೆ, ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಎಣ್ಣೆ ಬಿಡಬೇಕು. ಹಳೆಯ ವಿಲ್ಲೀಸ್ ಮಾದರಿಗಳ ಕೆಲವು ಷಾಕಲ್‌ಗಳಲ್ಲಿ ಎಡ ತಿರುಪು ಇರುವುದುಂಟು. ದಿಕ್ಕನ್ನು ನೋಡದೆ ಬಲ ಹಾಕಬಾರದು.

4. ಬಾರದ ಯು-ಬೋಲ್ಟನ್ನು ಗರಗಸದಿಂದ ಕತ್ತರಿಸುವುದೇ ಮೇಲು. ಗ್ಯಾಸ್ ಜ್ವಾಲೆಯಿಂದ ಕಾಯಿಸಿದರೆ ಸ್ಪ್ರಿಂಗ್ ಪಟ್ಟಿಯ ಹದ ಹೋಗುತ್ತದೆ. ಪೆಟ್ರೋಲ್ ಕೊಳವೆ, ಬ್ರೇಕ್ ಕೊಳವೆ ಹತ್ತಿರದಲ್ಲಿದ್ದರೆ ಬೆಂಕಿಯ ಭಯವೂ ಇದೆ.

ಹೊಸದನ್ನು ಆರಿಸುವುದು

ಒಮ್ಮೆ ಬಿಗಿದು ಬಿಚ್ಚಿದ ಯು-ಬೋಲ್ಟ್ ಹಿಗ್ಗಿರುತ್ತದೆ. ಅದನ್ನು ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ಉಳಿದ ಬೋಲ್ಟುಗಳ ತಲೆಯ ಮೇಲಿನ ಅಂಕಿಯನ್ನು ನೋಡಿ ಕೊಳ್ಳಬೇಕು: 8.8 ಗುರುತಿನ ಬೋಲ್ಟಿನ ಎಳೆತದ ಶಕ್ತಿ 4.6 ಗುರುತಿನದರ ಎರಡರಷ್ಟು. ಹಳೆಯ ಜೀಪಿನಲ್ಲಿ ಇಂಚಿನ ಅಳತೆಯ ಥ್ರೆಡ್ಡುಗಳಿರುತ್ತವೆ. ಅರ್ಧ ಇಂಚಿನ ನಟ್ಟು 12 ಮಿ.ಮೀ. ಬೋಲ್ಟಿಗೆ ಸಡಿಲವಾಗಿ ಹತ್ತುತ್ತದೆ, ಭಾರ ಬಿದ್ದಾಗ ಕಿತ್ತುಬರುತ್ತದೆ. ಆದುದರಿಂದ ಹಳೆಯ ಬೋಲ್ಟನ್ನು ಅಂಗಡಿಗೆ ಒಯ್ದು, ಬೋಲ್ಟು ನಟ್ಟುಗಳನ್ನು ಜೊತೆಯಾಗಿಯೇ ತರಬೇಕು.

ಜೋಡಿಸುವ ಕ್ರಮ

ಪೀಠದ ಮೇಲಿನ ತುಕ್ಕನ್ನು ಪೂರ್ತಿ ಕೆರೆಯಬೇಕು. ಅದು ಉಳಿದರೆ ಮುಂದೆ ಪುಡಿಯಾಗಿ ಬಿಗಿ ಸಡಿಲುತ್ತದೆ. ಸೆಂಟರ್ ಬೋಲ್ಟಿನ ತಲೆ ಕುಳಿಯಲ್ಲಿ ಕೂತಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ನಟ್ಟು ಹಾಕಬೇಕು. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಗಾಡಿಯ ಭಾರ ಚಕ್ರಗಳ ಮೇಲೆ ಬಂದ ನಂತರ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ಸ್ಪ್ಯಾನರಿನಿಂದ ಮುಗಿಸಬೇಕು. ರಬ್ಬರ್ ಬುಷ್ಷಿನ ಬೋಲ್ಟುಗಳನ್ನೂ ಆಗಲೇ ಕೊನೆಯದಾಗಿ ಬಿಗಿಯತಕ್ಕದ್ದು. ಮೊದಲೇ ಬಿಗಿದರೆ ಬುಷ್ ತಿರುಚಿ ಹರಿಯುತ್ತದೆ. ಸುಮಾರು 100 ಕಿ.ಮೀ. ಓಡಿದ ಮೇಲೆ ಪುನಃ ಬಿಗಿ ನೋಡುವುದನ್ನು ಮರೆಯಬಾರದು.

ಮುಂದಿನ ಜೋಪಾನ

ಕೆರೆದ ಭಾಗಕ್ಕೆ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಹಳೆಯ ಎಂಜಿನ್ ಎಣ್ಣೆಯನ್ನು ತಳಕ್ಕೆಲ್ಲ ಬಳಿಯುವ ಪದ್ಧತಿ ತಕ್ಕುದಲ್ಲ. ಅದು ರಬ್ಬರನ್ನು ಕೆಡಿಸುತ್ತದೆ, ಬ್ರೇಕಿಗೆ ತಾಗಿದರೆ ಹಿಡಿತ ತಪ್ಪುತ್ತದೆ. ಗೊಬ್ಬರ ಸಾಗಿಸಿದ ದಿನವೇ ಚೆಲ್ಲಿದ ಹರಳನ್ನು ಗುಡಿಸಿ ತೆಂಗಿನ ಪಾತಿಗೆ ಹಾಕಿ, ಗಾಡಿಯ ತಳವನ್ನು ಸಿಹಿನೀರಿನಿಂದ ತೊಳೆದು ಒಣಗಿಸಿದರೆ ಗೊಬ್ಬರವೂ ಉಳಿಯಿತು, ಕಬ್ಬಿಣವೂ ಉಳಿಯಿತು.

ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ಐದೈದು ವರ್ಷಕ್ಕೆ ನವೀಕರಿಸುವಾಗ ಗಾಡಿಯ ಸ್ಥಿತಿಯನ್ನು ಪರೀಕ್ಷಿಸುವುದುಂಟು. ಆದರೆ ಅಷ್ಟು ಕಾಲ ತುಕ್ಕು ಕಾಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಗಾಡಿಯ ಕೆಳಗೆ ಬಗ್ಗಿ ನೋಡುವ ಅಭ್ಯಾಸವನ್ನು ತೋಟದ ಪ್ರತಿಯೊಬ್ಬ ರೈತರೂ ಬೆಳೆಸಿಕೊಳ್ಳುವುದು ಒಳಿತು.