ಮಾಳಿಗೆಯ ಡಿಶ್ ಮಾರುವ ಮೊದಲು

ಚಿಕ್ಕಪಡಸಲಗಿ

ಪ್ರೀತಿಯ ತಮ್ಮಾ,

ಮನೆಗೆ ವೈಫೈ ಬಂತು, ಹೊಸ ಟಿವಿಯೂ ಬಂತು. ಹಾಕಿಸಿ ವರ್ಷ ತುಂಬದ ಡಿಶ್ ಈಗ ನಿನಗೆ ಬೇಡವಾಗಿದೆ. ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್‌ನಲ್ಲೋ ಹಾಕಿ ಮಾರಬೇಕು ಅಂತಿದ್ದೀಯ. ಅವಶ್ಯ ಮಾರು. ಗುಜರಿಯವನು ತಗಡು ತೂಗಿ ರೊಕ್ಕ ಕೊಡುತ್ತಾನೆ, ಬಳಸುವವನು ಅದರ ಕೆಲಸ ನೋಡಿ ಕೊಡುತ್ತಾನೆ. ಆದರೆ ಫೋಟೊ ಹಾಕುವ ಮೊದಲು ನನ್ನ ನಾಲ್ಕು ಮಾತು ಕೇಳು.

ನಿನಗೆ ಹಳತಾದ ಮಾತ್ರಕ್ಕೆ ಆ ಸಾಮಾನು ಎಲ್ಲರಿಗೂ ಹಳತಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಕಲಬುರ್ಗಿ ಮತ್ತು ನಮ್ಮ ಜಮಖಂಡಿಯೂ ಸೇರಿದ್ದ ಅಂದಿನ ವಿಜಾಪುರ ಜಿಲ್ಲೆಯ ಹಳ್ಳಿಗಳನ್ನು. ಆಗಿನ ಡಿಶ್ ಹತ್ತು ಅಡಿ ಅಗಲದ ತಂತಿಜಾಲರಿ. ಇಡೀ ಊರು ಕೂತು ನೋಡಲು ಒಂದೇ ಟಿವಿ. ಇಂದು ಎರಡಡಿಯ ತಟ್ಟೆ ಸಾಕು. ಕೇಬಲ್ ಎಳೆಯಲಾಗದ, ಮೊಬೈಲ್ ಡೇಟಾ ಸಾಲದ ತೋಟದ ಮನೆಗಳಿಗೆ ಅದು ಈಗಲೂ ಬೇಕು. ನಿನ್ನ ಗಿರಾಕಿ ಅಲ್ಲಿರಬಹುದು.

ಮೊದಲು, ಇದರಲ್ಲಿ ನಿನ್ನದು ಯಾವುದು ಎಂದು ನೋಡು. ಡಿಟಿಎಚ್ ಕಂಪನಿಗಳು ಸೆಟ್‌ಟಾಪ್ ಬಾಕ್ಸನ್ನು ಪೂರ್ತಿ ಮಾರುವುದೂ ಉಂಟು, ಬಾಡಿಗೆಗೆ ಕೊಡುವುದೂ ಉಂಟು. ಬಾಡಿಗೆಯದಾದರೆ ಅದನ್ನು ಮಾರುವ ಹಕ್ಕು ನಿನಗಿಲ್ಲ. ಹಳೆಯ ಬಿಲ್ ತೆಗೆದು ಓದು. ಸಿಗದಿದ್ದರೆ ಕಂಪನಿಗೆ ಫೋನ್ ಮಾಡಿ ಕೇಳು. ಬಾಕ್ಸ್ ನಿನ್ನದೇ ಆದರೂ ಕನೆಕ್ಷನ್ ನಿನ್ನ ಹೆಸರಿನಲ್ಲಿದೆ, ನಿನ್ನ ಮೊಬೈಲ್ ನಂಬರಿಗೆ ಕಟ್ಟಿಕೊಂಡಿದೆ. ಅದನ್ನು ಮುಚ್ಚಿಸು, ಇಲ್ಲವೇ ಕೊಂಡವನ ಹೆಸರಿಗೆ ಮಾಡಿಸಲು ಬರುತ್ತದೆಯೇ ವಿಚಾರಿಸು.

ಒಂದು ಕಂಪನಿಯ ಬಾಕ್ಸಿನಲ್ಲಿ ಇನ್ನೊಂದು ಕಂಪನಿಯ ಚಾನೆಲ್ ಬರುವುದಿಲ್ಲ. ಸಿಗ್ನಲ್ಲಿಗೆ ಆಯಾ ಕಂಪನಿ ತನ್ನದೇ ಬೀಗ ಹಾಕಿರುತ್ತದೆ. ಡಿಶ್‌ ತಟ್ಟೆಗೆ ಆ ಹಂಗಿಲ್ಲ. ಅದರ ಮುಖವನ್ನು ಬೇರೆ ಉಪಗ್ರಹದ ಕಡೆ ತಿರುಗಿಸಿ ಕೂಡಿಸಿದರೆ ಅದಕ್ಕೂ ದುಡಿಯುತ್ತದೆ. ದೂರದರ್ಶನ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುಮಾಡಿದ, ಈಗ ಡಿಡಿ ಫ್ರೀ ಡಿಶ್ ಎನ್ನುವ ಸೇವೆಗೆ ತಿಂಗಳ ಹಣವಿಲ್ಲ. ಅದು ಬರುವ ಜಿಸ್ಯಾಟ್-15 ಉಪಗ್ರಹ ನಮ್ಮ ಕಡೆಯಿಂದ ನೋಡಿದರೆ ಆಗ್ನೇಯಕ್ಕಿದೆ. ನಿನ್ನ ತಟ್ಟೆ, ಅದರ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ವೈರು ಕೊಂಡವನು ಫ್ರೀ ಡಿಶ್ ಬಾಕ್ಸೊಂದನ್ನು ಬೇರೆ ತಂದರೆ ಅವನ ಕೆಲಸ ಆದೀತು. ಆದ್ದರಿಂದ ಬಾಕ್ಸಿಗೊಂದು ಬೆಲೆ, ಉಳಿದದ್ದಕ್ಕೊಂದು ಬೆಲೆ ಬರೆ.

ಬಿಚ್ಚುವ ಮೊದಲು ಟಿವಿಯಲ್ಲಿ ಸಿಗ್ನಲ್ ಬಲ, ಗುಣಮಟ್ಟ ತೋರಿಸುವ ಪುಟ ತೆರೆದು ಫೋಟೊ ತೆಗಿ. 'ಚಲೋ ನಡೀತದ' ಎಂದು ಹತ್ತು ಸಲ ಬರೆಯುವುದಕ್ಕಿಂತ ಆ ಒಂದು ಚಿತ್ರ ಮೇಲು. ತಟ್ಟೆ ನೆಗ್ಗಿದ್ದರೆ ನೆಗ್ಗಿದ ಜಾಗದ್ದೇ ಫೋಟೊ ಹಾಕು. ನೆಗ್ಗಿದರೆ ಸಿಗ್ನಲ್ ಒಂದೆಡೆ ಕೂಡುವುದಿಲ್ಲ. ರಿಮೋಟ್, ಅಡಾಪ್ಟರ್, ಕ್ಲಾಂಪು, ನಟ್ಟು-ಬೋಲ್ಟು ಏನಿದೆ, ಏನಿಲ್ಲ ಎಂದು ಬರೆ. ಕೊಂಡವನು ಕೂಡಿಸುವ ಹುಡುಗನಿಗೆ ಬೇರೆ ಕೂಲಿ ಕೊಡಬೇಕು. ಹೊಸ ಕನೆಕ್ಷನ್ನಿನಲ್ಲಿ ಅದೂ ಸೇರಿಯೇ ಬಂದೀತು. ಅದನ್ನು ಲೆಕ್ಕಕ್ಕೆ ಹಿಡಿದು ಬೆಲೆ ಹೇಳು.

ಇನ್ನು ರೊಕ್ಕದ ಮಾತು. 'ನಾನು ಮಿಲಿಟರಿಯವನು, ಸಾಮಾನು ನೋಡುವುದು ಬೇಡ, ಈಗಲೇ ದುಡ್ಡು ಹಾಕುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡು' ಎಂದು ಯಾರಾದರೂ ಅಂದರೆ ಫೋನ್ ಇಡು. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು. ತೆಗೆದುಕೊಳ್ಳಲು ಪಿನ್ ಒತ್ತುವ ಮಾತೇ ಇಲ್ಲ. ಕೈತಪ್ಪಿ ಹಣ ಹೋದರೆ ನಾಚಿಕೊಂಡು ಕೂಡಬೇಡ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಸಾಮಾನು ನೋಡಲು ಬರುವವರನ್ನು ಹಗಲಿನಲ್ಲೇ, ನಾಲ್ಕು ಜನರಿರುವ ಕಡೆ ಕರೆ.

ನಮ್ಮೂರಿನ ಹೆಸರು ನಾಡಿಗೆ ಗೊತ್ತಾದದ್ದು ಕೃಷ್ಣೆಯ ಮೇಲಿನ ಬ್ಯಾರೇಜಿನಿಂದ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದರು. ರೊಕ್ಕ ಕೊಟ್ಟವನಿಗೆ ತೆಗೆದುಕೊಂಡವನ ಮನೆ ಗೊತ್ತಿತ್ತು. ಲೆಕ್ಕ ತಪ್ಪಿದರೆ ಕಟ್ಟೆಯ ಮೇಲೆ ನಿಲ್ಲಿಸಿ ಕೇಳಬಹುದಿತ್ತು. ಮೊಬೈಲ್ ಸಂತೆಯಲ್ಲಿ ಆ ಕಟ್ಟೆಯಿಲ್ಲ. ಮುಧೋಳದವನೋ ಬನಹಟ್ಟಿಯವನೋ ನಿನ್ನ ಮುಖ ನೋಡದೆ, ನೀನು ಬರೆದ ನಾಲ್ಕು ಸಾಲು ನಂಬಿ ಬಸ್ ಹತ್ತುತ್ತಾನೆ. ಅದಕ್ಕೇ ಒಳ್ಳೆಯದರ ಜೊತೆ ಊನವನ್ನೂ ಬರೆ ಅನ್ನುವುದು.

ಮಾರಿದ ದಿನವೇ ಜಾಹೀರಾತು ತೆಗೆದುಹಾಕು, ಇನ್ನೊಬ್ಬ ಸುಮ್ಮನೆ ಅಲೆಯಬಾರದು. ಕೊಂಡವನು ಮರುದಿನ 'ಚಿತ್ರ ಬರವಲ್ದು' ಎಂದು ಫೋನ್ ಮಾಡಿದರೆ ಎತ್ತಿ ಮಾತಾಡು. ವೈರಿನ ತುದಿ ಸಡಿಲಾಗಿರಬಹುದು, ತಟ್ಟೆಗೆ ಬೇವಿನ ಮರ ಅಡ್ಡ ಬಂದಿರಬಹುದು. ತಿಳಿದದ್ದು ಹೇಳು. ತಪ್ಪು ನಿನ್ನ ಸಾಮಾನಿನದೇ ಆಗಿದ್ದರೆ ರೊಕ್ಕ ವಾಪಸ್ ಕೊಡು.

ಇಂತಿ,
ನಿನ್ನ ಊರಿನ ಕಾಕಾ